ಮನಸ್ಸಿನ ನೋವಿಗೆ ಯಾವ ಕಲೆಯ ಆಸರೆ? ಆಯ್ಕೆಗೊಂದು ಹೋಲಿಕೆ

ಮನಸ್ಸಿಗೆ ನೋವಾದಾಗ ಬರೆಯಬೇಕೋ, ಚಿತ್ರ ಬಿಡಿಸಬೇಕೋ, ಹಾಡಬೇಕೋ, ಕುಣಿಯಬೇಕೋ ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ‘ನಿಮಗೆ ಇಷ್ಟವಾದದ್ದನ್ನು ಮಾಡಿ’ ಎಂಬುದು. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಇದು ಅರ್ಧ ಉತ್ತರ. ನೋವನ್ನು ಅರ್ಥಮಾಡಿಕೊಳ್ಳುವುದು ಒಂದು ಕೆಲಸ, ಅದನ್ನು ತಗ್ಗಿಸಿಕೊಳ್ಳುವುದು ಇನ್ನೊಂದು ಕೆಲಸ. ಎರಡೂ ಒಂದೇ ಹೊತ್ತಿನಲ್ಲಿ ಒಂದೇ ವಿಧಾನದಿಂದ ಕೈಗೂಡುವುದು ಅಪರೂಪ. ಅರ್ಥಮಾಡಿಕೊಳ್ಳಬೇಕಾದರೆ ನೋವಿನ ಹತ್ತಿರಕ್ಕೆ ಹೋಗಬೇಕಾಗುತ್ತದೆ, ತಗ್ಗಿಸಿಕೊಳ್ಳಬೇಕಾದರೆ ಎಷ್ಟೋ ಸಲ ಅದರಿಂದ ತುಸು ದೂರ ಸರಿಯಬೇಕಾಗುತ್ತದೆ. ಆದ್ದರಿಂದ ಕಲೆಯನ್ನು ಆರಿಸುವ ಮುನ್ನ, ನೋವು ಈಗ ನನ್ನೊಳಗೆ ಏನು ಮಾಡುತ್ತಿದೆ, ನನಗೆ ಈ ವಾರ ಬೇಕಾಗಿರುವುದು ತಿಳಿವೋ ಬಿಡುವೋ ಎಂದು ಕೇಳಿಕೊಳ್ಳುವುದು ಲೇಸು.

ಈ ಎರಡು ಕೆಲಸಗಳ ವ್ಯತ್ಯಾಸ ಪ್ರಯೋಗಗಳಲ್ಲೂ ಕಾಣಿಸಿಕೊಂಡಿದೆ. ಮನಶ್ಶಾಸ್ತ್ರಜ್ಞರಾದ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಅವರ ಅಧ್ಯಯನಗಳಲ್ಲಿ ಭಾಗವಹಿಸಿದವರಿಗೆ ಮೊದಲು ದುಃಖದ ಪ್ರಸಂಗವೊಂದನ್ನು ನೆನಪಿಸಿಕೊಳ್ಳಲು ಹೇಳಿ ಅಥವಾ ದುಃಖದ ದೃಶ್ಯ ತೋರಿಸಿ, ಆಮೇಲೆ ಕೆಲವರಿಗೆ ಆ ದುಃಖವನ್ನೇ ಚಿತ್ರಿಸಲು, ಇನ್ನು ಕೆಲವರಿಗೆ ಅದಕ್ಕೆ ಸಂಬಂಧವೇ ಇಲ್ಲದ ವಸ್ತುವನ್ನು ಚಿತ್ರಿಸಲು ಸೂಚಿಸಲಾಗಿತ್ತು. ಆ ಹೊತ್ತಿಗೆ ಮನಸ್ಸು ಹೆಚ್ಚು ಹಗುರಾದದ್ದು ಬೇರೆ ವಸ್ತುವನ್ನು ಚಿತ್ರಿಸಿದವರಿಗೆ. ‘ಒಳಗಿರುವುದನ್ನೆಲ್ಲ ಹೊರಹಾಕಿಬಿಟ್ಟರೆ ಹಗುರಾಗುತ್ತದೆ’ ಎಂಬ ನಂಬಿಕೆಗೆ ಇದು ಸಣ್ಣ ಪೆಟ್ಟು. ಹೊರಹಾಕುವುದರಿಂದ ಲಾಭವಿಲ್ಲವೆಂದು ಇದರ ಅರ್ಥವಲ್ಲ. ಆ ಲಾಭ ಬರುವುದು ತಡವಾಗಿ, ಮತ್ತು ಅದು ಬೇರೆ ಬಗೆಯದು.

ಮಾತು ಸಿಗದ ನೋವಿಗೆ ಬಣ್ಣ ಮತ್ತು ಮಣ್ಣು

ಕೆಲವು ನೋವುಗಳಿಗೆ ಹೆಸರೇ ಇರುವುದಿಲ್ಲ. ಎದೆಯಲ್ಲಿ ಭಾರವಿದೆ, ಕಾರಣ ಗೊತ್ತಿಲ್ಲ, ‘ಏನಾಗಿದೆ?’ ಎಂದು ಯಾರಾದರೂ ಕೇಳಿದರೆ ‘ಏನಿಲ್ಲ’ ಎನ್ನುವುದೇ ಪ್ರಾಮಾಣಿಕ ಉತ್ತರವಾಗಿರುತ್ತದೆ. ಇಂಥ ಸ್ಥಿತಿಯಲ್ಲಿರುವವರ ಕೈಗೆ ಪುಸ್ತಕ ಪೆನ್ನು ಕೊಟ್ಟು ಭಾವನೆಗಳನ್ನು ಬರೆಯಿರಿ ಎಂದರೆ ಖಾಲಿ ಹಾಳೆಯ ಮುಂದೆ ಕೂತು ಇನ್ನಷ್ಟು ಸೋತ ಭಾವ ಬರುವ ಸಂಭವವೇ ಹೆಚ್ಚು. ಅವರಿಗೆ ಚಿತ್ರ ಅಥವಾ ಜೇಡಿಮಣ್ಣು ಉತ್ತಮ ಆರಂಭ.

ಕಲಾ ಚಿಕಿತ್ಸೆ ಎಂಬ ಹೆಸರು ಬಳಕೆಗೆ ಬಂದದ್ದು 1942ರಲ್ಲಿ. ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತ ಆರೋಗ್ಯಧಾಮವೊಂದರಲ್ಲಿ ದಿನ ಕಳೆಯುತ್ತಿದ್ದ ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್, ಚಿತ್ರ ಬಿಡಿಸುವುದರಿಂದ ತಮಗಾದ ಉಪಕಾರವನ್ನು ಕಂಡು ಜೊತೆಯ ರೋಗಿಗಳಿಗೂ ಅದನ್ನು ಹಚ್ಚಿಸಿದರು. ಅದಾದ ಮೇಲೆ ಅಮೆರಿಕದಲ್ಲಿ ಈ ಕ್ಷೇತ್ರವನ್ನು ಕಟ್ಟಿದ ಇಬ್ಬರು ಮಹಿಳೆಯರ ನಡುವಿನ ಭಿನ್ನಮತ ಇಂದಿನ ಓದುಗರಿಗೂ ಉಪಯುಕ್ತ. ಮಾರ್ಗರೆಟ್ ನಾಮ್‌ಬರ್ಗ್ ಅವರಿಗೆ ಚಿತ್ರವೆಂದರೆ ಸುಪ್ತಮನಸ್ಸಿನ ಮಾತು. ಬಿಡಿಸಿದವರು ಅದನ್ನು ನೋಡುತ್ತ, ಅದರ ಬಗ್ಗೆ ಮಾತಾಡುತ್ತ ತಮ್ಮನ್ನು ಅರಿಯುತ್ತಾರೆ. ಎಡಿತ್ ಕ್ರೇಮರ್ ಅವರ ದೃಷ್ಟಿಯಲ್ಲಿ ಗುಣವಿರುವುದು ಬಿಡಿಸುವ ಕ್ರಿಯೆಯಲ್ಲೇ. ಮಾತು ಬರಲಿ ಬಾರದಿರಲಿ, ಆಕಾರ ಕೊಡುವ ಶ್ರಮದಲ್ಲಿ ಒಳಗಿನ ಒತ್ತಡ ಹದಕ್ಕೆ ಬರುತ್ತದೆ. ನೋವನ್ನು ಅರಿಯಬೇಕು ಎನ್ನುವವರು ನಾಮ್‌ಬರ್ಗ್ ಹಾದಿ ಹಿಡಿದು, ಬಿಡಿಸಿದ ಮೇಲೆ ಚಿತ್ರದ ಮುಂದೆ ಹತ್ತು ನಿಮಿಷ ಕೂರಬೇಕು. ಶಮನವಷ್ಟೇ ಸಾಕು ಎನ್ನುವವರು ಕ್ರೇಮರ್ ಹಾದಿ ಹಿಡಿದು, ಬಿಡಿಸಿ ಎತ್ತಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು.

ಚಿತ್ರಕಲೆಯ ಒಳಗೇ ಇನ್ನೊಂದು ಆಯ್ಕೆ ಇದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಅದು ಸಾಮಗ್ರಿಯ ಆಯ್ಕೆ. ಒದ್ದೆ ಕಾಗದದ ಮೇಲೆ ಜಲವರ್ಣದ ಒಂದು ಹನಿ ಬಿದ್ದರೆ ಅದು ತನ್ನಿಷ್ಟದಂತೆ ಹರಡುತ್ತದೆ. ಪಕ್ಕದ ಬಣ್ಣದೊಂದಿಗೆ ಕಲೆಯುತ್ತದೆ. ತಡೆಯಲು ಹೋದ ಕುಂಚ ಅದನ್ನು ಇನ್ನಷ್ಟು ಹರಡುತ್ತದೆ. ಚೂಪಾದ ಪೆನ್ಸಿಲ್ ಹಾಗಲ್ಲ, ಎಳೆದಲ್ಲಿ ನಿಲ್ಲುತ್ತದೆ, ಬೇಡವೆಂದರೆ ಅಳಿಸಬಹುದು. ಹರಿಯುವ ಸಾಮಗ್ರಿ ಭಾವವನ್ನು ಸಡಿಲಿಸುತ್ತದೆ, ಗಟ್ಟಿ ಸಾಮಗ್ರಿ ಹಿಡಿತವನ್ನೂ ಯೋಚನೆಯನ್ನೂ ಮುಂದಕ್ಕೆ ತರುತ್ತದೆ ಎಂಬ ಈ ತಿಳಿವಳಿಕೆಯನ್ನು 1978ರಲ್ಲಿ ಸ್ಯಾಂಡ್ರಾ ಕೇಗಿನ್ ಮತ್ತು ವಿಯಾ ಲೂಸ್‌ಬ್ರಿಂಕ್ ಒಂದು ಚೌಕಟ್ಟಿಗೆ ತಂದರು. ಹಾಗಾಗಿ, ಅಳು ನಿಲ್ಲದೆ ಕೈನಡುಗುವ ಸ್ಥಿತಿಯಲ್ಲಿರುವವರು ದೊಡ್ಡ ಹಾಳೆ, ನೀರುಬಣ್ಣ, ಬೆರಳಿನ ಚಿತ್ರಗಳನ್ನು ಸದ್ಯಕ್ಕೆ ಬದಿಗಿಟ್ಟು ಚಿಕ್ಕ ಹಾಳೆ, ಪೆನ್ಸಿಲ್, ಅಂಚು ಗೆರೆ ಇರುವ ವಿನ್ಯಾಸಗಳನ್ನು ಹಿಡಿಯುವುದು ಒಳ್ಳೆಯದು. ಏನೂ ಅನ್ನಿಸದೆ ಮರಗಟ್ಟಿದಂತಿರುವವರಿಗೆ ಇದರ ತಿರುಗುಮುರುಗು: ಅವರಿಗೆ ಒದ್ದೆ ಬಣ್ಣ ಬೇಕು, ಅಥವಾ ಗುದ್ದಿದರೆ ತಗ್ಗುವ, ಹಿಸುಕಿದರೆ ಬೆರಳ ಗುರುತು ಉಳಿಸಿಕೊಳ್ಳುವ ಜೇಡಿಮಣ್ಣು ಬೇಕು. ಕೋಪಕ್ಕೂ ಮಣ್ಣು ಒಳ್ಳೆಯ ಜೊತೆ, ಏಕೆಂದರೆ ಎಷ್ಟು ಗುದ್ದಿದರೂ ಅದು ಹಾಳಾಗುವುದಿಲ್ಲ.

ಆತಂಕಕ್ಕೆ ಬಣ್ಣ ತುಂಬುವ ಪುಸ್ತಕಗಳ ಬಗ್ಗೆ ಕೆಲವರಿಗೆ ತಾತ್ಸಾರವಿದೆ. 2005ರಲ್ಲಿ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 84 ವಿದ್ಯಾರ್ಥಿಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ, ಖಾಲಿ ಹಾಳೆಯಲ್ಲಿ ಮನಬಂದಂತೆ ಬಣ್ಣ ಹಚ್ಚಿದವರಿಗಿಂತ ಮಂಡಲಕ್ಕೋ ಚೌಕುಳಿ ವಿನ್ಯಾಸಕ್ಕೋ ಬಣ್ಣ ತುಂಬಿದವರ ಆತಂಕ ಹೆಚ್ಚು ಇಳಿಯಿತು. ಅಂದರೆ ಅಲ್ಲಿ ಕೆಲಸ ಮಾಡಿದ್ದು ಮಂಡಲದ ಮಹಿಮೆಗಿಂತ ಹೆಚ್ಚಾಗಿ, ಕಣ್ಣಿಗೂ ಕೈಗೂ ಸಿಕ್ಕ ಗಡಿ. ಆದರೆ ಬಣ್ಣ ತುಂಬುವುದು ಆತಂಕದ ಕಾರಣವನ್ನು ತಿಳಿಸಿಕೊಡುವುದಿಲ್ಲ. ಅದು ಶಮನದ ಸಾಧನ ಮಾತ್ರ.

ಚಿತ್ರ ಬರುವುದಿಲ್ಲ ಎಂಬ ಹಿಂಜರಿಕೆಗೆ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರ 2016ರ ಅಧ್ಯಯನ ಒಂದು ಉತ್ತರ. 39 ವಯಸ್ಕರು 45 ನಿಮಿಷ ಕಲಾಕೆಲಸ ಮಾಡಿದ ಮೇಲೆ ಸುಮಾರು ಮುಕ್ಕಾಲು ಭಾಗ ಜನರಲ್ಲಿ ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹಾರ್ಮೋನಿನ ಮಟ್ಟ ಇಳಿದಿತ್ತು, ಹಿಂದಿನ ಅನುಭವ ಇದ್ದದ್ದಕ್ಕೂ ಇಲ್ಲದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದ ಚಿಕ್ಕ ಅಧ್ಯಯನವಾದ್ದರಿಂದ ಇದನ್ನು ಅತಿಯಾಗಿ ಹಿಗ್ಗಿಸಬಾರದು.

ಇಲ್ಲೊಂದು ಎಚ್ಚರಿಕೆ ಸೇರಿಸಬೇಕು. ಕಪ್ಪು ಬಳಸಿದರೆ ಖಿನ್ನತೆ, ಎಲೆಯಿಲ್ಲದ ಮರ ಬಿಡಿಸಿದರೆ ಒಂಟಿತನ ಎಂದು ಪಟ್ಟಿ ಹಿಡಿದು ಚಿತ್ರ ಓದುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಕಪ್ಪು ಕ್ರೇಯಾನ್ ಕೈಗೆ ಹತ್ತಿರವಿತ್ತು ಎಂಬುದೂ ಕಾರಣವಾಗಿರಬಹುದು. ಚಿತ್ರದ ಅರ್ಥವನ್ನು ಹೇಳುವ ಹಕ್ಕು ಮೊದಲು ಅದನ್ನು ಬಿಡಿಸಿದವರದು.

ಬರವಣಿಗೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ

ಏನಾಯಿತೆಂದು ಗೊತ್ತಿದೆ, ಆದರೆ ಅದನ್ನು ಯಾರಿಗೂ ಹೇಳಿಲ್ಲ ಎನ್ನುವವರಿಗೆ ಬರವಣಿಗೆಯಷ್ಟು ಅಗ್ಗದ, ಖಾಸಗಿಯಾದ, ಪರೀಕ್ಷೆಗೊಳಪಟ್ಟ ಸಾಧನ ಇನ್ನೊಂದಿಲ್ಲ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಬದುಕಿನ ಆಘಾತದ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಬರೆದ ತಕ್ಷಣ ಇನ್ನಷ್ಟು ಕುಗ್ಗಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಮೊದಲ ದಿನ ಬರೆದು ಮುಗಿಸಿದಾಗ ಕಣ್ಣು ತುಂಬಿ ಬಂದರೆ ವಿಧಾನ ವಿಫಲವಾಯಿತೆಂದು ತಿಳಿಯಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಮರುದಿನ ಮುಖ್ಯವಾದ ಕೆಲಸವಿದ್ದರೆ ಹಿಂದಿನ ರಾತ್ರಿ ಇದನ್ನು ಆರಂಭಿಸಬಾರದು ಎಂಬುದೂ ತಿಳಿಯುತ್ತದೆ. ಆ ಬಳಿಕ ನಡೆದ 146 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಜೊವಾನ್ ಫ್ರಾಟರೋಲಿ ಮಾಡಿದ ವಿಶ್ಲೇಷಣೆಯಲ್ಲಿ ಲಾಭ ಇದೆ, ಆದರೆ ಸರಾಸರಿಯಲ್ಲಿ ಅದು ಸಣ್ಣದು ಎಂದು ಕಂಡುಬಂತು. ಪುಸ್ತಕವೊಂದು ಕೊಂಡು ಬರೆಯಲು ಕೂತರೆ ಬದುಕೇ ಬದಲಾಗುತ್ತದೆ ಎನ್ನುವ ಪ್ರಚಾರಕ್ಕೆ ಈ ಅಂಕಿ ಬೆಂಬಲ ಕೊಡುವುದಿಲ್ಲ.

ಸಣ್ಣ ಸರಾಸರಿಯ ಹಿಂದೆ ಎರಡು ಬಗೆಯ ಜನರಿದ್ದಾರೆ. ಪೆನ್ನೆಬೇಕರ್ ತಂಡ ಬರಹಗಳ ಪದಗಳನ್ನೇ ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ ಕಾರಣ ಹೇಳುವ ಮತ್ತು ಒಳನೋಟ ತೋರುವ ಪದಗಳು ಹೆಚ್ಚುತ್ತ ಹೋದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಮೊದಲ ದಿನದ ಹಾಳೆಯಲ್ಲಿ ‘ಅವನು ಹಾಗೆ ಮಾಡಬಾರದಿತ್ತು, ಹೇಗೆ ಮನಸ್ಸು ಬಂತು’ ಎಂದಿದ್ದದ್ದು ಮೂರನೆಯ ದಿನದ ಹೊತ್ತಿಗೆ ‘ನಾನು ಅಷ್ಟು ದಿನ ಸುಮ್ಮನಿದ್ದದ್ದು ಏಕೆಂದರೆ’ ಎಂದು ಆರಂಭವಾಗಿ ಮುಂದುವರಿದರೆ ಬರವಣಿಗೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಮೂರನೆಯ ದಿನವೂ ಅದೇ ವಾಕ್ಯ, ಅದೇ ಪ್ರಶ್ನೆ, ಅದೇ ಕಟುಮಾತು ಗಾಣದೆತ್ತಿನಂತೆ ಸುತ್ತಿ ಬರುತ್ತಿದ್ದರೆ ಅಲ್ಲಿ ಅರಿವು ಹುಟ್ಟುತ್ತಿಲ್ಲ, ಗಾಯ ಕೆದಕುವ ಕೆಲಸ ನಡೆಯುತ್ತಿದೆ. 2013ರಲ್ಲಿ ಡೇವಿಡ್ ಸ್ಬಾರಾ ಮತ್ತು ಸಂಗಡಿಗರು, ಆಗಷ್ಟೇ ದಾಂಪತ್ಯದಿಂದ ಬೇರ್ಪಟ್ಟವರಲ್ಲಿ ನೋಡಿದ್ದು ಇದನ್ನೇ: ಆದದ್ದಕ್ಕೆ ಅರ್ಥ ಹುಡುಕುತ್ತಲೇ ಇರುವ, ಮನಸ್ಸಿನಲ್ಲೇ ಮೆಲುಕು ಹಾಕುವ ಸ್ವಭಾವದವರು ಭಾವನೆಗಳ ಬಗ್ಗೆ ಬರೆದಾಗ, ದಿನಚರಿಯ ಸಾಮಾನ್ಯ ಸಂಗತಿಗಳನ್ನು ಬರೆದವರಿಗಿಂತ ನಿಧಾನವಾಗಿ ಚೇತರಿಸಿಕೊಂಡರು. ಇಂಥವರಿಗೆ ‘ಇವತ್ತು ಏನೇನು ಮಾಡಿದೆ’ ಎಂಬ ಸಪ್ಪೆ ಬರಹವೇ ಹೆಚ್ಚು ಹಿತ, ಅಥವಾ ಪೆನ್ನು ಕೆಳಗಿಟ್ಟು ಮಣ್ಣನ್ನೋ ತಾಳವನ್ನೋ ಹಿಡಿಯುವುದು ಹಿತ.

ಮರಣಶೋಕದ ವಿಷಯದಲ್ಲೂ ಬರವಣಿಗೆಯಿಂದ ಹೆಚ್ಚು ನಿರೀಕ್ಷಿಸಬಾರದು. ಮಾರ್ಗರೆಟ್ ಸ್ಟ್ರೋಬೆ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶೋಕವನ್ನು ಬರೆದು ತೋಡಿಕೊಂಡದ್ದರಿಂದ ಚೇತರಿಕೆ ಬೇಗ ಆಯಿತೆಂದು ಕಂಡುಬರಲಿಲ್ಲ. ತೀರಿಕೊಂಡವರಿಗೆ ಪತ್ರ ಬರೆಯುವುದರಲ್ಲಿ ಬೇರೆ ಸಾರ್ಥಕತೆ ಇರಬಹುದು. ಅದನ್ನು ಶೋಕ ಬೇಗ ಮುಗಿಸುವ ಉಪಾಯವೆಂದು ಕೈಗೆತ್ತಿಕೊಂಡರೆ ನಿರಾಶೆಯೇ ಗತಿ.

ಸಂಗೀತ: ಕೇಳುವುದು ಮತ್ತು ಮಾಡುವುದು

ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದ ದಿನ ಉಳಿದ ಯಾವ ಕಲೆಯೂ ಕೈಗೆಟಕುವುದಿಲ್ಲ, ಸಂಗೀತ ಕೇಳುವುದೊಂದು ಎಟಕುತ್ತದೆ. ಆ ದಿನಕ್ಕೆ ಅದು ಸಾಕು. ಆದರೆ ಏನನ್ನು ಕೇಳುತ್ತೇವೆ ಎಂಬುದರ ಮೇಲೆ ಫಲ ನಿಂತಿದೆ. ಸಂಗೀತ ಚಿಕಿತ್ಸಕರು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಕ್ರಮವೆಂದರೆ ಮೊದಲು ಈಗಿನ ಮನಸ್ಥಿತಿಗೆ ಹೊಂದುವ ಗತಿಯ ಸಂಗೀತದಿಂದ ಆರಂಭಿಸಿ, ಒಂದೊಂದೇ ರಚನೆಯ ಮೂಲಕ ತಲುಪಬೇಕಾದ ಮನಸ್ಥಿತಿಯ ಕಡೆಗೆ ಸರಿಯುವುದು. ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಇದನ್ನು ವಿವರಿಸಿದ್ದರು. ದುಃಖದಲ್ಲಿರುವವರಿಗೆ ನೇರವಾಗಿ ಉಲ್ಲಾಸದ ಹಾಡು ಹಾಕಿದರೆ ಕಿರಿಕಿರಿಯಾಗುವುದು ಇದೇ ಕಾರಣಕ್ಕೆ. ದುಃಖದ ಹಾಡಿನಿಂದ ಶುರುಮಾಡಿ ಅಲ್ಲೇ ಉಳಿದುಬಿಡುವುದೂ ಅಪಾಯವೇ. ಮೆಲುಕು ಹಾಕುವ ಸ್ವಭಾವದವರು ತಾವೇ ಆರಿಸಿಕೊಂಡ ದುಃಖದ ಸಂಗೀತ ಕೇಳಿದ ಮೇಲೆ ಹೆಚ್ಚು ಕುಗ್ಗುತ್ತಾರೆಂದು ಸ್ಯಾಂಡ್ರಾ ಗ್ಯಾರಿಡೊ ಮತ್ತು ಎಮರಿ ಶೂಬರ್ಟ್ ಅವರ ಅಧ್ಯಯನಗಳು ತೋರಿಸಿವೆ. ಒಂದೇ ಹಾಡು ರಾತ್ರಿಯಿಡೀ ಮತ್ತೆ ಮತ್ತೆ ಓಡುತ್ತಿದ್ದರೆ ಅದನ್ನು ಶಮನವೆಂದು ಕರೆಯುವುದು ಕಷ್ಟ.

ಸಂಗೀತ ಮಾಡುವುದು ಕೇಳುವುದಕ್ಕಿಂತ ಬೇರೆಯೇ ಆದ ಕೆಲಸ. ಫಿನ್‌ಲೆಂಡಿನ ಯುವಾಸ್ಕ್ಯುಲಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯಿದ್ದ 79 ಮಂದಿಯ ಪೈಕಿ ಕೆಲವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಚಿಕಿತ್ಸಕರೊಂದಿಗೆ ಕೂತು ವಾದ್ಯಗಳಲ್ಲಿ ಮನಸ್ಸಿಗೆ ತೋಚಿದ್ದನ್ನು ನುಡಿಸುವ 20 ಅವಧಿಗಳನ್ನು ಕೊಡಲಾಯಿತು. ಮೂರು ತಿಂಗಳ ಹೊತ್ತಿಗೆ ಅವರು ಕೇವಲ ಎಂದಿನ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಸುಧಾರಿಸಿದ್ದರು. ಇಲ್ಲಿ ಸಂಗೀತ ಎಂದಿನ ಚಿಕಿತ್ಸೆಯ ಜಾಗದಲ್ಲಿ ಬರಲಿಲ್ಲ, ಅದರ ಜೊತೆಗೆ ಬಂತು ಎಂಬುದನ್ನು ಗಮನಿಸಬೇಕು.

ಒಂಟಿತನವೇ ನೋವಿನ ತಿರುಳಾಗಿರುವವರಿಗೆ ನನ್ನ ಮೊದಲ ಸಲಹೆ ಗುಂಪಿನಲ್ಲಿ ಹಾಡುವುದು. ಬ್ರಿಟನ್ನಿನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸದಾಗಿ ಸೇರಿದ ಹಾಡಿನ ತರಗತಿಯವರು ಕರಕುಶಲ ಮತ್ತು ಸೃಜನಶೀಲ ಬರವಣಿಗೆಯ ತರಗತಿಯವರಿಗಿಂತ ಬೇಗ ಪರಸ್ಪರ ಹತ್ತಿರವಾದರು. ಏಳು ತಿಂಗಳಲ್ಲಿ ಉಳಿದವರೂ ಅವರ ಸಮಕ್ಕೆ ಬಂದರು. ಪರಿಚಯದ ಮಾತಿನ ಮುಜುಗರವನ್ನು ಹಾಡು ಬೇಗ ದಾಟಿಸುತ್ತದೆ ಎಂಬುದಷ್ಟೇ ಇಲ್ಲಿನ ಲಾಭ, ಆದರೆ ಒಂಟಿಯಾಗಿರುವವರಿಗೆ ಮೊದಲ ವಾರಗಳೇ ಕಷ್ಟದವು.

ದೇಹ ಮತ್ತು ಪಾತ್ರ

ಕಚ್ಚಿದ ದವಡೆ, ಮೇಲಕ್ಕೇರಿದ ಭುಜ, ಅರ್ಧಕ್ಕೆ ನಿಂತ ಉಸಿರು: ನೋವು ಹೀಗೆ ಮೈಯಲ್ಲೇ ಮನೆಮಾಡಿದ್ದರೆ ಚಲನೆಯಿಂದ ಶುರುಮಾಡುವುದು ಸಹಜ. ನೃತ್ಯ ಚಿಕಿತ್ಸೆಯ ಹಿರಿಯಳೆಂದು ಹೆಸರಾದ ಮರಿಯನ್ ಚೇಸ್ 1942ರಿಂದ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ, ಮಾತು ಬಿಟ್ಟಿದ್ದ ರೋಗಿಗಳ ಚಲನೆಯನ್ನು ತಾವೂ ಅದೇ ಲಯದಲ್ಲಿ ಮಾಡಿ ತೋರಿಸುತ್ತ ಅವರೊಂದಿಗೆ ಸಂಪರ್ಕ ಸಾಧಿಸುತ್ತಿದ್ದರು. ಕಲಿತ ನೃತ್ಯಪ್ರಕಾರ ಇದಕ್ಕೆ ಬೇಡ. ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೈಕಾಲು ಆಡಿಸಿದರೂ ಆದೀತು. ದೇಹದ ಮೇಲೆ ದೌರ್ಜನ್ಯ ನಡೆದವರ ವಿಷಯ ಮಾತ್ರ ಬೇರೆ. ಅವರ ನೆನಪು ಮೈಯಲ್ಲೇ ಇರುವುದರಿಂದ ಚಲನೆ ಅದನ್ನು ಥಟ್ಟನೆ ಎಬ್ಬಿಸಬಹುದು, ಹಾಗಾಗಿ ಅವರು ಇದನ್ನು ಬಲ್ಲವರ ಜೊತೆಯಲ್ಲೇ ಆರಂಭಿಸುವುದು ಕ್ಷೇಮ.

ನಾಟಕ ಬೇಕಾಗುವುದು ನೋವು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಂಟಿಕೊಂಡಿರುವಾಗ: ಹೇಳದೇ ಉಳಿದ ಮಾತು, ಕೇಳದೇ ಹೋದ ಕ್ಷಮೆ, ಜಗಳದ ನಡುವೆಯೇ ತೀರಿಹೋದ ತಂದೆ. ವಿಯೆನ್ನಾದಲ್ಲಿ ವೈದ್ಯರಾಗಿ ಬಳಿಕ ಅಮೆರಿಕದಲ್ಲಿ ನೆಲೆಸಿದ ಜೇಕಬ್ ಮೊರೆನೊ ಬೆಳೆಸಿದ ಸೈಕೋಡ್ರಾಮಾ ಪದ್ಧತಿಯಲ್ಲಿ ಖಾಲಿ ಕುರ್ಚಿಯೊಂದನ್ನು ಎದುರಿಗಿಟ್ಟು, ಆ ವ್ಯಕ್ತಿ ಅಲ್ಲಿ ಕೂತಿದ್ದಾರೆಂದು ಮಾತಾಡುತ್ತಾರೆ. ಆಮೇಲೆ ತಾವೇ ಆ ಕುರ್ಚಿಯಲ್ಲಿ ಕೂತು ಆ ವ್ಯಕ್ತಿಯಾಗಿ ಉತ್ತರಿಸುತ್ತಾರೆ. ಈ ಎರಡನೆಯ ಹಂತದಲ್ಲೇ ಹೆಚ್ಚಿನವರು ತಬ್ಬಿಬ್ಬಾಗುವುದು, ಏಕೆಂದರೆ ಎದುರಾಳಿಯ ಬಾಯಿಂದ ತಾವು ನಿರೀಕ್ಷಿಸದ ಮಾತು ತಮ್ಮದೇ ದನಿಯಲ್ಲಿ ಹೊರಬೀಳುತ್ತದೆ. ಇಲ್ಲಿ ಹೋಲಿಸಿದ ಕಲೆಗಳಲ್ಲಿ ಒಬ್ಬರೇ ಮಾಡಲು ಅತ್ಯಂತ ಅನುಚಿತವಾದದ್ದು ಇದೇ. ಜೊತೆಗೆ ಯಾರೂ ಇಲ್ಲದಿದ್ದರೆ ಕಳಿಸದ ಪತ್ರದ ರೂಪಕ್ಕೆ ತಿರುಗಿಸಿಕೊಳ್ಳುವುದು ಮೇಲು.

ಒಬ್ಬರೇ, ಗುಂಪಿನಲ್ಲಿ, ಚಿಕಿತ್ಸಕರೊಂದಿಗೆ

ಯಾವ ಕಲೆಯೆಂಬ ಪ್ರಶ್ನೆಗಿಂತ ಯಾರ ಜೊತೆ ಎಂಬ ಪ್ರಶ್ನೆ ಕೆಲವರಿಗೆ ಹೆಚ್ಚು ಮುಖ್ಯವಾಗುತ್ತದೆ. ದಿನನಿತ್ಯದ ಬೇಸರ, ಕೆಲಸದ ಒತ್ತಡ, ಹಳೆಯದಾದರೂ ಆಗಾಗ ಚುಚ್ಚುವ ನೆನಪು ಇವಿಷ್ಟಕ್ಕೆ ಒಬ್ಬರೇ ಮಾಡಿಕೊಳ್ಳುವ ಅಭ್ಯಾಸ ಸಾಕಾಗಬಹುದು. ಇಲ್ಲಿ ಕಲಾವಿದರಿಗೊಂದು ಕಿವಿಮಾತು: ಪಳಗಿದ ಗಾಯಕರು ಹಾಡನ್ನು, ಪಳಗಿದ ಬರಹಗಾರರು ಬರಹವನ್ನು ಇದಕ್ಕೆ ಆರಿಸಿಕೊಂಡರೆ ಒಳಗಿನ ವಿಮರ್ಶಕ ಎಚ್ಚೆತ್ತು ಶ್ರುತಿಯನ್ನೂ ಶೈಲಿಯನ್ನೂ ತಿದ್ದತೊಡಗುತ್ತಾನೆ. ಅವರಿಗೆ ತಮಗೆ ಬಾರದ ಕಲೆಯೇ ಮೇಲೆಂಬುದು ನನ್ನ ಅಭಿಪ್ರಾಯ. ಹಾಗೆಯೇ ಚಿತ್ರಕಲಾ ತರಗತಿಗೆ ಸೇರುವುದನ್ನು ಕಲಾ ಚಿಕಿತ್ಸೆಯೆಂದು ಭಾವಿಸಬಾರದು. ತರಗತಿಯಲ್ಲಿ ಚಿತ್ರ ಸುಧಾರಿಸಬೇಕು, ಚಿಕಿತ್ಸೆಯಲ್ಲಿ ಚಿತ್ರ ಹೇಗಿದ್ದರೂ ನಡೆಯುತ್ತದೆ.

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಆಘಾತದ ದೃಶ್ಯಗಳು ಕಣ್ಣಮುಂದೆ ಮರುಕಳಿಸುತ್ತಿದ್ದರೆ ಮೊದಲು ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಬದುಕು ಸಾಕೆನಿಸುವ ಯೋಚನೆ ಬಂದರೆ ಆ ದಿನವೇ ಕಾಣಬೇಕು. ಕಲೆ ಅಲ್ಲಿ ಎರಡನೆಯ ಸಾಲಿನದು. ಚಿಕಿತ್ಸಕರಿದ್ದರೂ ಕಲೆ ಎಲ್ಲ ಕಾಯಿಲೆಗೂ ಮದ್ದಾಗುವುದಿಲ್ಲ ಎಂಬುದಕ್ಕೆ ಸ್ಕಿಜೋಫ್ರೇನಿಯಾ ಇರುವ 417 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಸಾಕ್ಷಿ. ವಾರಕ್ಕೊಮ್ಮೆಯ ಸಾಮೂಹಿಕ ಕಲಾ ಚಿಕಿತ್ಸೆಯನ್ನು ಸೇರಿಸಿದ್ದರಿಂದ ಎಂದಿನ ಆರೈಕೆಗಿಂತ ಹೆಚ್ಚಿನ ಫಲ ಕಾಣಲಿಲ್ಲ; ಹಾಜರಾತಿಯೂ ಕಡಿಮೆಯಿತ್ತು.

ಚಿಕಿತ್ಸಕರನ್ನು ಆರಿಸುವಾಗ ಅವರ ಕಲೆಗಿಂತ ತರಬೇತಿಯನ್ನು ವಿಚಾರಿಸಬೇಕು. ಬ್ರಿಟನ್ನಿನಲ್ಲಿ ‘ಕಲಾ ಚಿಕಿತ್ಸಕ’ ಎಂಬುದು ಕಾನೂನಿನ ರಕ್ಷಣೆಯಿರುವ ಹುದ್ದೆಯ ಹೆಸರು, ನೋಂದಣಿಯಿಲ್ಲದವರು ಅದನ್ನು ಬಳಸುವಂತಿಲ್ಲ. ಎಲ್ಲ ಕಡೆ ಇಂಥ ಕಾನೂನಿಲ್ಲವಾದ್ದರಿಂದ ಮೊದಲ ಭೇಟಿಯಲ್ಲೇ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಮನಶ್ಶಾಸ್ತ್ರದಲ್ಲಿ ಎಷ್ಟು ಕಾಲ, ಎಲ್ಲಿ ತರಬೇತಿ ಪಡೆದಿದ್ದಾರೆ? ತಮ್ಮ ಕೆಲಸದ ಬಗ್ಗೆ ಹಿರಿಯ ಚಿಕಿತ್ಸಕರ ಮಾರ್ಗದರ್ಶನ ಪಡೆಯುತ್ತಿದ್ದಾರೆಯೇ? ಅವಧಿಯ ನಡುವೆ ದುಃಖ ಕೈಮೀರಿದರೆ ಏನು ಮಾಡುತ್ತಾರೆ? ‘ಬಣ್ಣವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ’ ಎಂಬಂಥ ಉತ್ತರ ಬಂದರೆ ಬೇರೊಬ್ಬರನ್ನು ಹುಡುಕುವುದು ವಿವೇಕ. ಬಿಡಿಸಿದ ಚಿತ್ರಗಳು, ಬರೆದ ಹಾಳೆಗಳು ಯಾರ ಬಳಿ ಉಳಿಯುತ್ತವೆ, ಅವುಗಳನ್ನು ಪ್ರದರ್ಶನದಲ್ಲೋ ಜಾಲತಾಣದಲ್ಲೋ ಬಳಸುವ ಮುನ್ನ ಲಿಖಿತ ಒಪ್ಪಿಗೆ ಕೇಳುತ್ತಾರೆಯೇ ಎಂಬುದನ್ನೂ ಆರಂಭದಲ್ಲೇ ತಿಳಿದುಕೊಳ್ಳಬೇಕು.